ಪಾಡ್ಯದ ದಿನದ ಬೆಂಕಿ

ಕೊಹಿನೂರ
೫ ನವೆಂಬರ್ ೨೦೨೪

ಧನಶ್ರೀಗೆ,

ಆಶೀರ್ವಾದ ಬರೆಯುವ ಜಾಗವನ್ನು ಖಾಲಿ ಬಿಟ್ಟಿದ್ದೇನೆ. ನಿನ್ನ ಜೊತೆ ಫೋನಿನಲ್ಲಿ ಮಾತಾಡುವುದಿಲ್ಲ ಎಂದು ಪಾಡ್ಯದ ಸಂಜೆ ಎಲ್ಲರ ಎದುರಿಗೆ ಹೇಳಿದೆ. ನಾನು ಹೇಳಿದರೆ ಮುಗಿಯಿತು. ಬರೆಯುವುದಿಲ್ಲ ಎಂದು ಹೇಳಿರಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ನಿಮ್ಮಪ್ಪ ಅಂಬಾದಾಸ ದಿನಾಲೂ ಫೋನು ಹಿಡಿದುಕೊಂಡು ಬಂದು, "ಅವ್ವಾ, ಪೋರಿ ಅಳಾಕತ್ತಾಳ, ನಿನ್ನ ಮೊಮ್ಮಗಳಲ್ಲೇನು, ಎರಡು ಮಾತಾಡು" ಅನ್ನುತ್ತಾನೆ. ಅಳುವುದಕ್ಕೆ ಫೋನು ಯಾಕೆ ಬೇಕು?

ಈ ಮನೆಯ ಪದ್ಧತಿ ನೀನು ಮರೆತಂತಿದೆ. ಮರೆತವರಿಗೆ ಬರೆದು ಕೊಡಬೇಕಾಗುತ್ತದೆ. ದೀಪಾವಳಿ ಪಾಡ್ಯಕ್ಕೆ ಕುರಿಹಟ್ಟಿಯಲ್ಲಿ ಹೊಸ ಗಡಿಗೆ ಇಟ್ಟು ಕುರಿಯ ಹಾಲು ಉಕ್ಕಿಸಬೇಕು. ಅದರ ಕೆಳಗಿನ ಬೆಂಕಿಯನ್ನು ಈ ಮನೆಯಲ್ಲಿ ಹುಟ್ಟಿದ, ಇನ್ನೂ ಲಗ್ನವಾಗದ ಹೆಣ್ಣುಮಗಳು ಚಕಮಕಿ ಹೊಡೆದು ಹಚ್ಚಬೇಕು. ಕಡ್ಡಿಪೆಟ್ಟಿಗೆ ಹಟ್ಟಿಯ ಬೇಲಿ ದಾಟಬಾರದು. ಲಂಗ ಉಡುವ ವಯಸ್ಸಿನಿಂದ ನೀನೇ ಹಚ್ಚಿದವಳು. ಮನೆಯಲ್ಲಿ ಬೇರೆ ಹುಡುಗಿ ಇಲ್ಲ ಎಂಬುದೂ ನಿನಗೆ ಗೊತ್ತು.

ಹೊತ್ತು ಮುಳುಗುವವರೆಗೆ ದಾರಿ ನೋಡಿದೆವು. ಕೊನೆಗೆ ನಿಮ್ಮಪ್ಪ ಅಂಗಿಯ ಜೇಬಿನಿಂದ ಕಡ್ಡಿಪೆಟ್ಟಿಗೆ ತೆಗೆದ. ಬೀಡಿ ಹಚ್ಚುವ ಕಡ್ಡಿಯಿಂದ ಹಬ್ಬದ ಬೆಂಕಿ ಹಚ್ಚಿದ. ಹಾಲು ಉಕ್ಕಲಿಲ್ಲ. ಕೆನೆಗಟ್ಟಿ ಗಡಿಗೆಯೊಳಗೆ ಕೂತಿತು. ಹಟ್ಟಿಯ ಹಿರಿಯರು ಏನೂ ಅನ್ನಲಿಲ್ಲ. ಅಂದಿದ್ದರೆ ಉತ್ತರ ಕೊಡುತ್ತಿದ್ದೆ. ಸುಮ್ಮನೆ ನೆಲ ನೋಡುತ್ತ ನಿಂತರೆ ಯಾರಿಗೆ ಏನು ಉತ್ತರ ಕೊಡಲಿ?

ಔಷಧ ಕಾರ್ಖಾನೆಯ ಲ್ಯಾಬಿನವರು ರಜೆ ಕೊಡಲಿಲ್ಲ ಎಂದು ಹೇಳಿ ಕಳಿಸಿದ್ದೀ. ನಂಬಿದ್ದೇನೆ. ಸುಳ್ಳು ಹೇಳಿ ದಕ್ಕಿಸಿಕೊಳ್ಳುವಷ್ಟು ಬುದ್ಧಿ ನಿನಗೆ ಬಂದಿದೆ ಎಂದು ನನಗೆ ಇನ್ನೂ ಅನ್ನಿಸಿಲ್ಲ.

ಸುಮನಬಾಯಿ ಭೀಮಶಾ


ಹುಮನಾಬಾದ್
೧೬ ನವೆಂಬರ್ ೨೦೨೪

ಆಯಿ,

ನಿನ್ನ ಪಾದಕ್ಕೆ ಹಣೆ ಹಚ್ಚಿದ್ದೇನೆ. ಒದೆಯಬೇಕು ಅನ್ನಿಸಿದರೆ ಹಾಗೇ ಒದಿ, ಅಲ್ಲೇ ಇದೆ.

ಸುಳ್ಳು ಹೇಳಿದೆ. ಲ್ಯಾಬಿನ ಕೆಲಸ ಮಳೆಗಾಲದಲ್ಲೇ ಬಿಟ್ಟೆ. ಮುಂಜಾನೆಯಿಂದ ಸಂಜೆತನಕ ಆ ನಾತದಲ್ಲಿ ಗಾಜಿನ ನಳಿಗೆ ತೊಳೆಯುವುದಷ್ಟೇ ಆಗಿತ್ತು. ಈಗ ಒಬ್ಬ ಸಾಹೇಬರ ಕ್ಯಾಂಪಿನಲ್ಲಿದ್ದೇನೆ. ಅವರು ಕಲಬುರಗಿ, ಸೋಲಾಪುರ, ಹೈದರಾಬಾದಿನ ಜನರನ್ನು ವಾರದ ಕೊನೆಗೆ ಕರೆತಂದು ಇಲ್ಲಿಯ ಊರಾಚೆಯ ಕುರುಚಲು ಕಾಡಿನಲ್ಲಿ ಡೇರೆ ಹಾಕಿಸುತ್ತಾರೆ. ಕಾಡಿನಲ್ಲಿ ನೀರು ಹುಡುಕುವುದು, ದಿಕ್ಕು ನೋಡುವುದು, ಬೆಂಕಿ ಮಾಡುವುದು ಕಲಿಸುತ್ತಾರೆ. ಬೆಂಕಿಯ ಕೆಲಸ ನನ್ನದು. ಪಾಡ್ಯದ ದಿನವೂ ಅಲ್ಲೇ ಇದ್ದೆ.

ನಾವು ಬೆಂಕಿ ಮಾಡುವ ಫೆರೋ ರಾಡ್ ಒಂದನ್ನು ಅಪ್ಪನ ಕೈಯಲ್ಲಿ ಕಳಿಸಿದ್ದೇನೆ. ಬೆರಳಿನಷ್ಟು ಉದ್ದದ ಲೋಹದ ಕಡ್ಡಿ. ಜೊತೆಗಿರುವ ಉಕ್ಕಿನ ಪಟ್ಟಿಯಿಂದ ಕಿಡಿ ಬರುತ್ತದೆ. ಮಳೆಯಲ್ಲಿ ತೊಯ್ದರೂ ಕೆಡುವುದಿಲ್ಲ. ನೋಡಿದರೆ ನಿನಗೆ ಹಿಡಿಸುತ್ತದೆ ಅನ್ನಿಸಿತು.

ನಿನ್ನ
ಧನಶ್ರೀ


ಕೊಹಿನೂರ
೨ ಡಿಸೆಂಬರ್ ೨೦೨೪

ಧನಶ್ರೀಗೆ,

ನಿನ್ನ ಕರಿ ಕಡ್ಡಿ ಮುರಿಯಿತು.

ಹಿಡಿಸುತ್ತದೆ ಅಂದೆಯಲ್ಲ, ಅದಕ್ಕೆ ಪರೀಕ್ಷೆ ಮಾಡಿದೆ. ಸುಟ್ಟು ಕರಿ ಮಾಡಿದ ಹತ್ತಿಯನ್ನು ಹೆಬ್ಬೆರಳ ಕೆಳಗೆ ಒತ್ತಿ ಹಿಡಿದು, ಬೆಣಚುಕಲ್ಲಿಗೆ ಹೊಡೆಯುವ ಹಾಗೆ ನಮ್ಮ ಉಕ್ಕಿನಿಂದ ಹೊಡೆದೆ. ಮೊದಲ ಏಟಿಗೆ ಏನೂ ಇಲ್ಲ. ಎರಡನೆಯ ಏಟಿಗೆ ಸುಣ್ಣದ ಕಡ್ಡಿಯ ಹಾಗೆ ತುಂಡಾಗಿ ಒಲೆಯ ಹಿಂದೆ ಹೋಗಿ ಬಿತ್ತು. ಅಂಬಾದಾಸ ನಕ್ಕ. ನಾನು ಅವನ ಕಡೆ ನೋಡಿದ ಮೇಲೆ ನಿಲ್ಲಿಸಿದ. ನಮ್ಮ ಚಕಮಕಿಯ ಉಕ್ಕನ್ನು ನಿಮ್ಮಜ್ಜ ಭೀಮಶಾ ಹೊಡೆದರು, ಅವರಪ್ಪ ಹೊಡೆದರು. ಅದು ಸವೆದಿದೆ, ಮುರಿದಿಲ್ಲ.

ಇನ್ನು ಆ ಜನ. ಮನೆಯಲ್ಲಿ ಗ್ಯಾಸಿನ ಗುಂಡಿ ತಿರುವಿದರೆ ಒಲೆ ಹತ್ತುತ್ತದೆ, ನಳ ತಿರುವಿದರೆ ನೀರು ಬರುತ್ತದೆ. ಅದು ಸಾಲದೆ ಗಾಡಿ ಮಾಡಿಕೊಂಡು ಬಂದು ಕಲ್ಲಿನ ಮೇಲೆ ಮಲಗುತ್ತಾರೆ. ನಿಮ್ಮಜ್ಜ ವರ್ಷದಲ್ಲಿ ಎಂಟು ತಿಂಗಳು ಕುರಿಗಳ ಜೊತೆ ಹೊಲದಲ್ಲಿ ಮಲಗಿದವರು. ಅದಕ್ಕೊಂದು ಹೆಸರಿದೆ ಎಂದು ಅವರಿಗೆ ಯಾರೂ ಹೇಳಲಿಲ್ಲ. ಮನೆಗೆ ಬಂದಾಗ ಅವರು ಮೊದಲು ಕೇಳುತ್ತಿದ್ದುದು ಹಾಸಿಗೆ. ಬೆನ್ನಿಗೆ ಮೆತ್ತಗಾಗುವ ಹಾಸಿಗೆ. ಬಡವರು ಬಿಟ್ಟರೆ ಸಾಕು ಅಂದುಕೊಂಡಿದ್ದನ್ನು ನಿಮ್ಮ ಸಾಹೇಬ ಹೊಟ್ಟೆ ತುಂಬಿದವರಿಗೆ ಆಟವಾಗಿ ಮಾರುತ್ತಾನೆ. ನೀನು ಆ ಅಂಗಡಿಯಲ್ಲಿ ಕೂತಿದ್ದೀ.

ಮುಡಬಿಯವರು ಸಂಕ್ರಾಂತಿ ಆದ ಮೇಲೆ ನಿನ್ನನ್ನು ನೋಡಲು ಬರುತ್ತಾರೆ. ಅವರದೂ ಕುರಿಯ ಮನೆ, ಹುಡುಗ ಪಶುವೈದ್ಯರ ಹತ್ತಿರ ಕೆಲಸಕ್ಕಿದ್ದಾನೆ. ಅಷ್ಟರೊಳಗೆ ಆ ಡೇರೆ ಬಿಟ್ಟು ಊರಿಗೆ ಬಾ.

ಸುಮನಬಾಯಿ ಭೀಮಶಾ


ಹುಮನಾಬಾದ್
೧೨ ಡಿಸೆಂಬರ್ ೨೦೨೪

ಆಯಿ,

ಅದು ಹೊಡೆಯುವ ವಸ್ತುವಲ್ಲ, ಕೆರೆಯುವ ವಸ್ತು. ಮೊದಲು ಮೇಲಿನ ಕರಿ ಬಣ್ಣ ಕೆರೆದು ತೆಗೆಯಬೇಕು. ಆಮೇಲೆ ಉಕ್ಕಿನ ಪಟ್ಟಿಯನ್ನು ಅಲುಗಾಡದಂತೆ ಹಿಡಿದು, ಕಡ್ಡಿಯನ್ನೇ ಹಿಂದಕ್ಕೆ ಎಳೆಯಬೇಕು. ಪಟ್ಟಿಯನ್ನು ಮುಂದೆ ತಳ್ಳಿದರೆ ಅದು ಹೋಗಿ ಜೋಡಿಸಿಟ್ಟ ಹುಲ್ಲಿಗೆ ಬಡಿಯುತ್ತದೆ, ಎಲ್ಲ ಚೆಲ್ಲಾಪಿಲ್ಲಿ. ಇಲ್ಲಿಗೆ ಬರುವವರು ಹೆದರಿ ಹೆದರಿ ಗೀರುತ್ತಾರೆ. ಹೊಡೆದು ಮುರಿದವರನ್ನು ನಾನು ಇದುವರೆಗೆ ಕಂಡಿಲ್ಲ. ಹಾಗೆ ಹೊಡೆಯಬೇಕಾದರೆ ಚಕಮಕಿ ಗೊತ್ತಿರಬೇಕು. ನಿನ್ನ ಪತ್ರ ಓದಿ ನಾನೂ ನಕ್ಕೆ, ಅಪ್ಪನಿಗೆ ಬೈಯಬೇಡ.

ಹೋದ ವಾರ ಸೋಲಾಪುರದ ಒಬ್ಬ ಡಾಕ್ಟರ್ ಬಾಯಿ ಬಂದಿದ್ದರು. ಅಪ್ಪನಷ್ಟೇ ವಯಸ್ಸು. ಬಹಳ ಹೊತ್ತು ಕೆರೆದ ಮೇಲೆ ಅವರ ಹುಲ್ಲಿನ ಗೂಡಿನಲ್ಲಿ ಹೊಗೆ ಎದ್ದಿತು. ನಾನು "ಈಗ ಸಣ್ಣಗ ಊದ್ರಿ, ಕೂಸಿನ ಕಣ್ಣಿಗೆ ಊದಿದಂಗ" ಅಂದೆ. ನೀನು ನನಗೆ ಹೇಳಿಕೊಟ್ಟ ಮಾತೇ. ಬೆಂಕಿ ಹತ್ತಿದಾಗ ಅವರು ಅತ್ತುಬಿಟ್ಟರು. ಯಾಕೆ ಎಂದು ನಾನು ಕೇಳಲಿಲ್ಲ.

ಮುಡಬಿಯವರಿಗೆ ಬೇಸಿಗೆಯ ತನಕ ತಡೆಯಲು ಹೇಳು. ಕಾರಣ ಈಗ ಹೇಳಲಾರೆ.

ನಿನ್ನ
ಧನಶ್ರೀ


ಕೊಹಿನೂರ
೬ ಜನವರಿ ೨೦೨೫

ಧನಶ್ರೀಗೆ,

ಕಾರಣ ನೀನು ಹೇಳಬೇಕಾಗಿಲ್ಲ. ಹಜಿರಾ ಬೀ ಮನೆಗೇ ತಂದು ತೋರಿಸಿದಳು.

ನಿನ್ನೆ ಮಧ್ಯಾಹ್ನ ಬಾಗಿಲಲ್ಲೇ ನಿಂತು, "ಸುಮನಬಾಯಿ, ನಿಮ್ಮ ಪೋರಿ ಟಿವಿಯಾಗ ಬಂದಾಳ ನೋಡ್ರಿ" ಎಂದಳು. ಟಿವಿ ಅಲ್ಲ, ಅವಳ ಸೊಸೆಯ ಫೋನು. ಪಕ್ಕದ ಮನೆಯವಳು, ನಿನ್ನನ್ನು ಎತ್ತಿ ಆಡಿಸಿದವಳು, ಖುಷಿಯಿಂದಲೇ ತಂದಿದ್ದಳು.

ಅದರಲ್ಲಿ ನೀನಿದ್ದೆ. ತಲೆಯ ಮೇಲೆ ಕಂಬಳಿ. ಕಾಲಲ್ಲಿ ನಮ್ಮದಲ್ಲದ ಕಡಗ. ಗಲ್ಲಕ್ಕೆ ಬೂದಿಯೋ ಕಾಡಿಗೆಯೋ ಹಚ್ಚಿದ್ದರು, ಬಿಸಿಲಲ್ಲಿ ಕುರಿ ಕಾಯ್ದವಳ ಹಾಗೆ ಕಾಣಲಿ ಎಂದಿರಬೇಕು. ಸುತ್ತ ಮಡಚುವ ಕುರ್ಚಿಯ ಮೇಲೆ ಜನ. ನಡುವೆ ಹೊಸ ಗಡಿಗೆ. ಒಬ್ಬ ಗಂಡಸು ಪಾಕೀಟು ಕತ್ತರಿಸಿ ಅದಕ್ಕೆ ಹಾಲು ಸುರಿದ. ಇದು ಕುರಿಗಾಹಿಗಳ ಸಾವಿರ ವರ್ಷದ ಸಂಪ್ರದಾಯ, ಅವಿವಾಹಿತ ಕನ್ಯೆ ಬೆಂಕಿ ಹಚ್ಚುತ್ತಾಳೆ ಎಂದು ಅವನದೇ ದನಿ. ನೀನು ಕರಿ ಕಡ್ಡಿ ಎಳೆದೆ. ಹಾಲು ಉಕ್ಕಿತು. ಎಲ್ಲರೂ ಚಪ್ಪಾಳೆ ಹೊಡೆದರು. ಕೆಳಗೆ ತಾರೀಖು ಇತ್ತು. ನಾನು ಮೆಟ್ರಿಕ್ ಪಾಸಾದವಳು, ತಾರೀಖು ಓದಲು ಬರುತ್ತದೆ. ಪಾಡ್ಯದ ದಿನ.

ನಮ್ಮ ಹಟ್ಟಿಯಲ್ಲಿ ಹಾಲು ಕೆನೆಗಟ್ಟುತ್ತಿದ್ದ ಹೊತ್ತಿಗೆ ನೀನು ಅಲ್ಲಿ ಪಾಕೀಟಿನ ಹಾಲು ಉಕ್ಕಿಸುತ್ತಿದ್ದೆ.

ಹಬ್ಬಕ್ಕೆ ಬಾರದಿದ್ದರೆ ಅದೊಂದು ತಪ್ಪು. ಹಬ್ಬವನ್ನೇ ಹೊತ್ತುಕೊಂಡು ಹೋಗಿ ಅಂಗಡಿಗೆ ಹಾಕಿದರೆ ಅದಕ್ಕೆ ಏನು ಹೆಸರು ಎಂದು ನನಗೆ ಗೊತ್ತಿಲ್ಲ. ಹಜಿರಾ ಬೀ ನಗುತ್ತಿದ್ದವಳು ನನ್ನ ಮುಖ ನೋಡಿ ಫೋನನ್ನು ಸೆರಗಿನೊಳಗೆ ಮುಚ್ಚಿಕೊಂಡಳು. ಅವಳಿಗೆ ನನ್ನ ಮೇಲೆ ಕನಿಕರ ಬಂತು. ಇಷ್ಟು ವರ್ಷದಲ್ಲಿ ಈ ಓಣಿಯಲ್ಲಿ ಯಾರಿಗೂ ನನ್ನ ಮೇಲೆ ಕನಿಕರ ಪಡುವ ಧೈರ್ಯ ಇರಲಿಲ್ಲ.

ಸುಮನಬಾಯಿ ಭೀಮಶಾ


ಕೊಹಿನೂರ
೧೮ ಫೆಬ್ರುವರಿ ೨೦೨೫

ಧನಶ್ರೀಗೆ,

ನೀನು ಉತ್ತರ ಬರೆಯಲಿಲ್ಲ. ಕಣ್ಣಾರೆ ನೋಡೋಣ ಎಂದು ನಾನೇ ಬಂದೆ. ಬಂದದ್ದು ನಿನಗೆ ಗೊತ್ತು. ನಾನು ಕೂತ ಜಾಗದಿಂದ ಅದು ಹೇಗೆ ಕಂಡಿತು ಎಂಬುದು ನಿನಗೆ ಗೊತ್ತಿಲ್ಲ. ಅದನ್ನು ಬರೆಯುತ್ತೇನೆ.

ಶನಿವಾರ ಬಸವಕಲ್ಯಾಣದಿಂದ ಬಸ್ಸು ಹಿಡಿದು ಹುಮನಾಬಾದಿಗೆ ಬಂದೆ. ಅಲ್ಲಿಂದ ಲಾಲ್ ಅಹ್ಮದ್ ಎಂಬವನ ಆಟೋ. ಮಗಳ ಮನೆಗೆ ಹೊರಟಿರೇನು ಎಂದು ಅವನು ಕೇಳಿದ. ನಾಟಕ ನೋಡಲು ಹೊರಟಿದ್ದೇನೆ ಎಂದೆ. ಈ ಕಾಡಿನಲ್ಲಿ ಯಾವ ನಾಟಕ ಎಂದು ದಾರಿಯುದ್ದಕ್ಕೂ ತಲೆ ತಿಂದ.

ಡೇರೆಗಳ ನಡುವೆ ನಿಮ್ಮ ಸಾಹೇಬ ಚಡ್ಡಿ ತೊಟ್ಟು, ಸೊಂಟಕ್ಕೆ ಕುರಿ ಕೊಯ್ಯುವಂಥ ಚೂರಿ ಕಟ್ಟಿಕೊಂಡು, ಕಟ್ಟಿಗೆಯನ್ನು ಗರಿ ಗರಿಯಾಗಿ ಹೆರೆಯುವುದು ಕಲಿಸುತ್ತಿದ್ದ. ಅದು ಕಿಡಿ ಹಿಡಿಯುತ್ತದಂತೆ. ಅವನು ಕೂತದ್ದೇ ಒಣ ಹುಲ್ಲಿನ ಮೇಲೆ. ನಾಲ್ಕು ಮಂದಿ ಕಡ್ಡಿ ಕೆರೆಯುತ್ತಿದ್ದರು. ಕಿಡಿಗಳೆಲ್ಲ ಅವರ ಬೂಟಿನ ಮೇಲೆ ಬೀಳುತ್ತಿದ್ದವು. ಒಬ್ಬ ಬೆನ್ನು ತಿರುಗಿಸಿ ಲೈಟರಿನಿಂದ ಹಚ್ಚಿಕೊಂಡು, ತಿರುಗಿ "ಹತ್ತಿತು, ಹತ್ತಿತು" ಎಂದು ಕೂಗಿದ. ನಾನು ನೋಡಿದೆ. ನಾನು ನೋಡಿದ್ದನ್ನು ಅವನೂ ನೋಡಿದ. ಇವರು ಕಾಡಿಗೆ ಬಂದು ಕಲಿಯುವುದು ಇದು.

ನಿಮ್ಮ ಸಾಹೇಬನಿಗೆ ನಾನು ಕಂಡೆ. ಯಾರು, ಎಲ್ಲಿಂದ ಬಂದಿರಿ ಎಂದು ಕೇಳಲಿಲ್ಲ. "ಆಯಿ, ಸ್ವಲ್ಪ ಈ ಕಡಿ ಕೂಡ್ರಿ, ಫೋಟೋದಾಗ ಚಂದ ಬರ್ತದ" ಎಂದ. ನನ್ನನ್ನೂ ಬಾಡಿಗೆಗೆ ತರಿಸಿದ ಮುದುಕಿ ಅಂದುಕೊಂಡಿದ್ದ.

ಆಮೇಲೆ ನೀನು ಡೇರೆಯೊಳಗಿಂದ ಬಂದೆ, ಕಂಬಳಿ ಹೊದ್ದು. ಈ ಹುಡುಗಿ ಶಾಲೆಯ ಮುಖ ನೋಡಿಲ್ಲ, ಇದೆಲ್ಲ ಇವಳ ರಕ್ತದಲ್ಲೇ ಇದೆ ಎಂದು ಅವನು ಆ ಜನಕ್ಕೆ ಹೇಳಿದ. ಬಿ.ಎಸ್ಸಿ. ಓದಿದವಳು ನೀನು ತಲೆ ತಗ್ಗಿಸಿ ನಕ್ಕೆ. ಅಷ್ಟರಲ್ಲಿ ಒಬ್ಬಳು ನನ್ನ ಕಡೆ ಬೆರಳು ಮಾಡಿ, ಈ ಅಜ್ಜಿ ನಿಮ್ಮವರೇನು ಎಂದು ನಿನ್ನನ್ನು ಕೇಳಿದಳು. ನೀನು ನನ್ನನ್ನು ನೋಡಿದೆ. ಚೆನ್ನಾಗಿಯೇ ನೋಡಿದೆ.

"ಅಲ್ರಿ. ಯಾರೋ ಗೊತ್ತಿಲ್ರಿ" ಅಂದೆ.

ನಾನು ಎದ್ದು ಬಂದೆ. ನಿನ್ನ ಗುಟ್ಟು ಒಡೆಯಬಹುದಿತ್ತು, ಒಡೆಯಲಿಲ್ಲ. ಅದನ್ನು ದೊಡ್ಡತನ ಎಂದು ತಿಳಿಯಬೇಡ. ಆ ಜನದ ಮುಂದೆ, ಆ ವೇಷದಲ್ಲಿ, ನೀನು ನನ್ನ ಮೊಮ್ಮಗಳು ಎಂದು ಹೇಳಿಕೊಳ್ಳಲು ನನಗೂ ಮನಸ್ಸಾಗಲಿಲ್ಲ.

ಸುಮನಬಾಯಿ ಭೀಮಶಾ


ಹುಮನಾಬಾದ್
೯ ಮಾರ್ಚ್ ೨೦೨೫

ಆಯಿ,

ಬರೆದು ಬರೆದು ಹರಿದಿದ್ದೇನೆ. ಇದನ್ನು ಹರಿಯುವ ಮೊದಲೇ ಟಪಾಲಿಗೆ ಹಾಕುತ್ತೇನೆ.

ನೀನು ನನ್ನವಳು ಎಂದಿದ್ದರೆ ಅವರು ನಿನ್ನ ತಲೆಯ ಮೇಲೂ ಒಂದು ಕಂಬಳಿ ಹಾಕುತ್ತಿದ್ದರು. ಆ ಕ್ಷಣಕ್ಕೆ ನನಗೆ ಹೊಳೆದದ್ದು ಅಷ್ಟೇ. ಸರಿಯೋ ತಪ್ಪೋ ಗೊತ್ತಿಲ್ಲ.

ಪಾಡ್ಯದ ಮಾತು ಕೇಳು. ಹೋದ ದಸರೆಗೆ ಊರಿಗೆ ಬಂದಿದ್ದೆನಲ್ಲ, ನೀನು ಹಟ್ಟಿಯ ಬಾಗಿಲಲ್ಲಿ ಜೋಳ ಹಸನು ಮಾಡುತ್ತ ಮುಡಬಿಯ ಹುಡುಗನ ಸುದ್ದಿ ಎತ್ತಿದೆ. ಆಮೇಲೆ, "ಈ ಸಲ ಚಂದಾಗಿ ಹಚ್ಚು, ಮುಂದ ಈ ಕೈಗೆ ಚಕಮಕಿ ಇಲ್ಲ" ಅಂದೆ. ಹಳೆಯ ಸೀರೆ ತೆಗೆದಿಡು ಅನ್ನುವ ಹಾಗೆ ಅಂದೆ. ಅಂದು ಜೋಳ ಕೇರುತ್ತ ಕೂತೆ.

ಆಯಿ, ಆ ಮನೆಯಲ್ಲಿ ನನ್ನದು ಅಂತ ಇದ್ದದ್ದು ಅದೊಂದೇ. ಕುರಿ ಅಪ್ಪನದು, ಹೊಲ ಅಪ್ಪನದು, ಮಾತು ನಿನ್ನದು. ವರ್ಷಕ್ಕೊಮ್ಮೆ ನಾನು ಆ ಗಡಿಗೆಯ ಮುಂದೆ ಕೂತರೆ ನೀನೂ ಸುಮ್ಮನೆ ನಿಲ್ಲುತ್ತಿದ್ದೆ. ಅದನ್ನು ಕೊನೆಯ ಸಲ ಎಂದು ತಿಳಿದು ತಿಳಿದು ಬಂದು ಮಾಡಿ ಹೋಗುವುದು ನನ್ನಿಂದ ಆಗಲಿಲ್ಲ. ಅದಕ್ಕೇ ಬರಲಿಲ್ಲ.

ಇಲ್ಲಿ ಸಾಹೇಬರು ಸುಳ್ಳು ಹೇಳುತ್ತಾರೆ, ಕಂಬಳಿ ಹೊದಿಸುತ್ತಾರೆ, ಎಲ್ಲ ನಿಜ. ಆ ಕಂಬಳಿ ಮೈಗೆ ಚುಚ್ಚುತ್ತದೆ. ಆದರೆ ಶನಿವಾರ ಬಂದರೆ ಬೆಂಕಿ ನನ್ನ ಕೈಗೆ ಬರುತ್ತದೆ. ಇದು ಕೊನೆಯದು ಎಂದು ಯಾರೂ ಅನ್ನುವುದಿಲ್ಲ.

ನೀನು ಬೈದದ್ದೆಲ್ಲ ಒಪ್ಪಿಕೊಂಡೆ. ಒಂದು ಮಾತು ನಾನು ಕೇಳುತ್ತೇನೆ. ತಾಳಿ ಕಟ್ಟಿದರೆ ಕೈ ಬದಲಾಗುತ್ತದೇನು?

ಧನಶ್ರೀ


ಕೊಹಿನೂರ
೮ ಅಕ್ಟೋಬರ್ ೨೦೨೫

ಧನಶ್ರೀಗೆ,

ಕುರಿ ಹೊಲಕ್ಕೆ ಹೋಗಿದ್ದವು, ಮಳೆ ಹಿಡಿಯಿತು, ಕಾಲುಬೇನೆ ಬಂತು. ನಿನ್ನ ಪತ್ರಕ್ಕೆ ಉತ್ತರ ಬರೆಯಲು ಪುರುಸೊತ್ತು ಆಗಲಿಲ್ಲ. ತಡವಾದದ್ದಕ್ಕೆ ಬೇರೆ ಕಾರಣ ಹುಡುಕಬೇಡ.

ನನ್ನ ತವರಿನಲ್ಲಿ ಹಾಲಿನ ಬೆಂಕಿ ನಾನೇ ಹಚ್ಚುತ್ತಿದ್ದೆ. ನನ್ನ ಅರಿಶಿಣದ ದಿನ ನಮ್ಮವ್ವ ಉಕ್ಕನ್ನು ನನ್ನ ಕೈಯಿಂದ ತೆಗೆದು ತಂಗಿಗೆ ಕೊಟ್ಟಳು. ನಾನು ಕೇಳಲಿಲ್ಲ. ಕೇಳಬಹುದು ಎಂಬುದೇ ಗೊತ್ತಿರಲಿಲ್ಲ. ಈ ಮನೆಗೆ ಬಂದ ಮೇಲೆ ನಾದಿನಿಯರು ಹಚ್ಚಿದರು, ಆಮೇಲೆ ನಿನ್ನ ಸೋದರತ್ತೆಯರು, ಆಮೇಲೆ ನೀನು. ಅವರೆಲ್ಲರ ಕೈಗೆ ಸಗಣಿಯ ಕುಳ್ಳು ಎತ್ತಿ ಕೊಟ್ಟವಳು ನಾನು. ಪಾಡ್ಯದ ದಿನ ನಾನು ಸುಮ್ಮನೆ ನಿಲ್ಲುತ್ತಿದ್ದೆ ಎಂದು ಬರೆದಿದ್ದೀ. ಕಣ್ಣು ಚುರುಕಿದೆ ನಿನಗೆ.

ಕೈ ಬದಲಾಗುವುದಿಲ್ಲ. ನನ್ನದು ಆಗಲಿಲ್ಲ.

ಹಟ್ಟಿಯ ಹಿರಿಯರನ್ನು ಕರೆಸಿ, ಈ ಮನೆಯಲ್ಲಿ ಹುಟ್ಟಿದ ಮಗಳು ಲಗ್ನವಾದರೂ ಬಂದು ಹಾಲಿನ ಬೆಂಕಿ ಹಚ್ಚುತ್ತಾಳೆ ಎಂದು ಹೇಳಿದೆ. ಹಿಂದಿನಿಂದ ನಡೆದು ಬಂದದ್ದು, ಮುರಿಯಬಾರದು ಎಂದರು. ಹೋದ ವರ್ಷ ಬೀಡಿಯ ಕಡ್ಡಿಯಿಂದ ಹಚ್ಚಿದ್ದೂ ಹಿಂದಿನಿಂದ ನಡೆದು ಬಂದದ್ದೇನು, ಆಗ ನಿಮ್ಮ ಬಾಯಿ ಎಲ್ಲಿತ್ತು ಎಂದು ಕೇಳಿದೆ. ಎಲ್ಲರೂ ಅಂಬಾದಾಸನ ಕಡೆ ನೋಡಿದರು. ಅವನು ಹೊರಗೆ ಹೋದ. ಅಲ್ಲಿಗೆ ಪಂಚಾಯತಿ ಮುಗಿಯಿತು.

ತಡೆಸಿದ್ದ ಮುಡಬಿಯವರು ಕಡೆಗೂ ಬಂದಿದ್ದರು. ಪ್ರತಿ ವರ್ಷ ಪಾಡ್ಯಕ್ಕೆ ಹುಡುಗಿ ಕೊಹಿನೂರಿನಲ್ಲಿರುತ್ತಾಳೆ ಎಂದು ಮೊದಲೇ ಹೇಳಿದೆ. ಹುಡುಗನ ತಾಯಿ, "ನಮ್ಮ ಮನಿ ಸೊಸಿ ಹಬ್ಬದ ದಿನ ತವರಿನಾಗ ಬೆಂಕಿ ಹಚ್ಚೋದು ಚಂದ ಕಾಣ್ಸಂಗಿಲ್ರಿ" ಎಂದಳು.

"ಹಂಗಾದ್ರ ಚಂದ ಕಾಣೋ ಸೊಸಿ ನೋಡ್ಕೋರಿ" ಅಂದೆ.

ಅರ್ಧ ಕಪ್ಪು ಚಹಾ ಬಿಟ್ಟು ಎದ್ದರು. ಹುಡುಗ ಮಾತ್ರ ಪೂರ್ತಿ ಕುಡಿದ. ಅಷ್ಟರಿಂದ ಏನೂ ತಿಳಿಯಬೇಡ, ಅವನಿಗೆ ಚಹಾ ಹಿಡಿಸಿರಬೇಕು.

ಈ ಸಲದ ಮಳೆಗೆ ಕುಳ್ಳೆಲ್ಲ ತೊಯ್ದಿವೆ. ಬೇಕಾಗುವಷ್ಟನ್ನು ಅಟ್ಟದ ಮೇಲೆ ಒಣಗಿಸಿದ್ದೇನೆ. ಪಾಡ್ಯ ಇಪ್ಪತ್ತೆರಡಕ್ಕೆ. ನಿನ್ನ ಬಟ್ಟೆಯಲ್ಲಿ ಬಾ. ಕರಿ ಕಡ್ಡಿ ತರಬೇಡ. ಇದು ಬೇಡಿಕೆ ಅಲ್ಲ, ಕರೆಯೂ ಅಲ್ಲ. ಅಪ್ಪಣೆ.

ಸುಮನಬಾಯಿ ಭೀಮಶಾ


ಕೊಹಿನೂರ
೨೬ ಅಕ್ಟೋಬರ್ ೨೦೨೫

ಕ್ಯಾಂಪಿನ ಸಾಹೇಬರಿಗೆ,

ನಿಮ್ಮ ಹೆಸರು ಧನಶ್ರೀ ಹೇಳಿದಳು. ಬರೆಯುವ ಅಗತ್ಯ ಕಾಣಲಿಲ್ಲ. ಫೆಬ್ರುವರಿಯಲ್ಲಿ ನೀವು ಫೋಟೋಕ್ಕೆ ಕೂಡಿಸಲು ಹೊರಟ ಮುದುಕಿ ನಾನೇ. ಆ ಹುಡುಗಿಯ ಅಜ್ಜಿ.

ಅವಳು ಹಬ್ಬಕ್ಕೆ ರಜೆ ಕೇಳಿದರೆ ನೀವು ಅದರಲ್ಲೂ ವ್ಯಾಪಾರ ಕಂಡಿರಿ. ಹೇಳದೆ ಕೇಳದೆ ಎರಡು ಗಾಡಿ ಜನರನ್ನು ತಂದು ನಮ್ಮ ಹಟ್ಟಿಯ ಮುಂದೆ ಇಳಿಸಿದಿರಿ. ಬಂದವರನ್ನು ಹಬ್ಬದ ದಿನ ಅಟ್ಟಬಾರದು ಎಂದು ನಿಮ್ಮನ್ನು ಬಿಟ್ಟುಕೊಂಡೆ. ಚಪ್ಪಲಿ, ಬೂಟು ಬೇಲಿಯ ಹೊರಗೆ. ಫೋನುಗಳು ಹಜಿರಾ ಬೀಯ ಬುಟ್ಟಿಯೊಳಗೆ. "ಒಂದ ಫೋಟೋ, ಅಮ್ಮಾರೇ" ಎಂದು ನೀವು ಹಲ್ಲು ಕಿರಿದಿರಿ. ಹಜಿರಾ ಬೀ ಬುಟ್ಟಿಯನ್ನು ನಿಮ್ಮ ಹೊಟ್ಟೆಗೆ ತಾಗಿಸಿ ನಿಂತದ್ದು ನಿಮಗೆ ನೆನಪಿರಬೇಕು.

ಧನಶ್ರೀಯ ಮೊದಲ ಏಟುಗಳು ಸುಳ್ಳಾದವು. ನಿಮ್ಮ ಕಡ್ಡಿ ಎಳೆದೂ ಎಳೆದೂ ಅವಳ ಕೈ ಹೊಡೆಯುವ ಬದಲು ಹಿಂದಕ್ಕೆ ಜಗ್ಗುತ್ತಿತ್ತು. ನಾನು ಪಕ್ಕದಲ್ಲಿ ಕುಳ್ಳು ಹಿಡಿದು ನಿಂತಿದ್ದೆ. ನಮ್ಮ ಹಿರಿಯರು ಒಬ್ಬರ ಮುಖ ಒಬ್ಬರು ನೋಡಿದರು. ಅದೇ ಹೊತ್ತಿಗೆ ನಿಮ್ಮ ಜೇಬಿನಿಂದ ಲೈಟರ್ ಹೊರಗೆ ಬಂತು. ನಾನು ಅದರ ಕಡೆ ನೋಡಿದೆ, ಅದು ಒಳಗೆ ಹೋಯಿತು. ಆಮೇಲೆ ಅವಳು ಕಣ್ಣು ಮುಚ್ಚಿ ಒಂದು ಏಟು ಹೊಡೆದಳು. ಹತ್ತಿಯಲ್ಲಿ ಕೆಂಪು ಚುಕ್ಕೆ ಕೂತಿತು. ಊದಿದಳು.

ಹಾಲು ಮೂಡಣಕ್ಕೆ ಉಕ್ಕಿತು. ಯಾರೂ ಚಪ್ಪಾಳೆ ಹೊಡೆಯಲಿಲ್ಲ. ಹೊಡೆಯಬಾರದು ಎಂದು ನಿಮ್ಮ ಜನಕ್ಕೆ ನಾನು ಹೇಳಿರಲಿಲ್ಲ, ತಾವಾಗಿಯೇ ಸುಮ್ಮನೆ ನಿಂತರು. ಅಷ್ಟು ಮರ್ಯಾದೆ ಅವರಿಗಿದೆ ಎಂದಾಯಿತು. ನೀವು ಅವರಿಂದ ಕಲಿಯಿರಿ.

ಶನಿವಾರಗಳಂದು ನಿಮ್ಮಲ್ಲಿಗೆ ಬರುವುದನ್ನು ಬಿಡುವುದಿಲ್ಲ ಎಂದು ಧನಶ್ರೀ ಹೇಳಿದ್ದಾಳೆ. ಉಣ್ಣಲು ಮನೆಯಿರುವವರು ಕಾಡಿಗೆ ಹೋಗಿ ಅನ್ನ ಸುಡುವುದು ನನಗೆ ಇವತ್ತಿಗೂ ಹುಚ್ಚುತನವಾಗಿಯೇ ಕಾಣುತ್ತದೆ. ಆದರೆ ಅದು ಅವಳ ಕೆಲಸ. ಅವಳು ಅವಳ ಬಟ್ಟೆಯಲ್ಲಿ ಬರುತ್ತಾಳೆ, ಅವಳ ಹೆಸರಿನಿಂದ ಕಲಿಸುತ್ತಾಳೆ, ಓದಿದ್ದು ಬಿ.ಎಸ್ಸಿ. ಎಂದು ನೀವೇ ನಿಮ್ಮ ಬಾಯಿಂದ ಜನಕ್ಕೆ ಹೇಳುತ್ತೀರಿ. ಕಂಬಳಿ ಚಳಿಗೆ ಹೊದೆಯುವ ವಸ್ತು. ಚಳಿಯಾದರೆ ನೀವು ಹೊದೆಯಿರಿ. ಪಾಡ್ಯದ ಹಾಲು ನಿಮ್ಮ ಡೇರೆಯಲ್ಲಿ ಇನ್ನು ಉಕ್ಕುವುದಿಲ್ಲ. ಒಪ್ಪಿಗೆ ಇಲ್ಲದಿದ್ದರೆ ಅವಳಿಗೆ ಹೇಳಿ, ಬಿಟ್ಟು ಬರುತ್ತಾಳೆ. ಇದನ್ನು ಅವಳೇ ಹೇಳಿದ್ದು, ನಾನಲ್ಲ.

ಹೊರಡುವಾಗ ಗಾಡಿಯ ಕಿಟಕಿಯಿಂದ ಕತ್ತು ಹೊರಗೆ ಹಾಕಿ ನೀವು ಒಂದು ಮಾತು ಕೇಳಿದಿರಿ, ಬರುವ ವರ್ಷದೊಳಗೆ ಹುಡುಗಿಯ ಲಗ್ನವಾದರೆ ಬೆಂಕಿ ಹಚ್ಚುವವರು ಯಾರು ಎಂದು. ಕಿಟಕಿಯಿಂದ ಕೂಗಿದ ಪ್ರಶ್ನೆಗೆ ನಾನು ಉತ್ತರ ಕೊಡುವುದಿಲ್ಲ. ಅದಕ್ಕೆ ಬರೆದು ಕಳಿಸುತ್ತಿದ್ದೇನೆ.

ಧನಶ್ರೀ.

ಸುಮನಬಾಯಿ ಭೀಮಶಾ